ನಡಿಗೆಯ ಅಳತೆಯಲ್ಲಿ ಬೆಳೆದ ಬಡಾವಣೆ: ಯುದ್ಧಾನಂತರದ ಬೆಂಗಳೂರು ಮತ್ತು ಜಯನಗರ

(ಜಯನಗರದ ಹಿರಿಯ ನಿವಾಸಿಗಳೂ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಅವುಗಳಿಗೆ ನೀಡಿದ ಉತ್ತರಗಳನ್ನೂ ಸೇರಿಸಿಕೊಂಡಿದ್ದೇನೆ.)

ಮಾನ್ಯ ಸಭಿಕರೆ,

ಬೆಂಗಳೂರಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಎರಡು ಊರುಗಳಿಂದ ಆರಂಭಿಸುತ್ತಾರೆ. ಒಂದು, 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿಯಿರುವ ಕೋಟೆ ಮತ್ತು ಪೇಟೆಗಳ ಊರು; ಇನ್ನೊಂದು, 1809ರಲ್ಲಿ ಬ್ರಿಟಿಷರು ಹಲಸೂರಿನ ಕಡೆ ನೆಲೆಗೊಳಿಸಿದ ದಂಡು. ಅಲ್ಲಿಂದ ಮಾತು ಒಮ್ಮೆಲೇ ಮಾಹಿತಿ ತಂತ್ರಜ್ಞಾನದ ಕಾಲಕ್ಕೆ ಹಾರುತ್ತದೆ. ನಡುವೆ ಉಳಿದುಹೋಗುವ ಅರ್ಧ ಶತಮಾನವನ್ನು, ಅಂದರೆ ಎರಡನೇ ಮಹಾಯುದ್ಧ ಮುಗಿದ 1945ರಿಂದ ತೊಂಬತ್ತರ ದಶಕದವರೆಗಿನ ಅವಧಿಯನ್ನು, ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಇಂದು ದಕ್ಷಿಣ ಬೆಂಗಳೂರಿನಲ್ಲಿ ವಾಸವಾಗಿರುವ ಎಷ್ಟೋ ಮನೆತನಗಳು ಈ ನಗರಕ್ಕೆ ಬಂದು ನೆಲೆಯೂರಿದ್ದು ಅದೇ ಅವಧಿಯಲ್ಲಿ. ಸಂಬಳದ ಕೆಲಸ, ಸ್ವಂತ ಸೈಟು, ಮಕ್ಕಳ ಕಾಲೇಜು, ಸಂಜೆಯ ಸಂಗೀತ ಪಾಠ, ಭಾನುವಾರದ ಹೋಟೆಲಿನ ತಿಂಡಿ ಎಂಬ ಜೀವನಕ್ರಮವೊಂದು ಆಗ ರೂಪುಗೊಂಡಿತು. ಆ ಜೀವನಕ್ರಮವನ್ನು ಅರ್ಥ ಮಾಡಿಕೊಳ್ಳಲು ಜಯನಗರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ನಾನು ಈ ದಿನ ಹೇಳಬೇಕೆಂದಿರುವುದು ಮುಖ್ಯವಾಗಿ ಒಂದು ವಿಷಯ. ಜಯನಗರದ ಸಂಸ್ಕೃತಿ ಯಾವುದೋ ಒಂದು ಸಮುದಾಯದ ಸಂಪ್ರದಾಯದಿಂದ ಬಂದದ್ದಲ್ಲ. ಸರ್ಕಾರದ ನಕ್ಷೆಯೊಂದರಿಂದಲೇ ಬಂದದ್ದೂ ಅಲ್ಲ. ಬೇರೆ ಬೇರೆ ಜಿಲ್ಲೆಗಳಿಂದ ಬಂದು ಒಬ್ಬರಿಗೊಬ್ಬರು ಅಪರಿಚಿತರಾಗಿದ್ದ ಜನ, ಮನೆಯಿಂದ ನಡೆದು ಹೋಗಬಹುದಾದ ದೂರದಲ್ಲಿ ದಿನವೂ ಎದುರಾಗುತ್ತಿದ್ದುದರಿಂದ ಅದು ಹುಟ್ಟಿತು. ಹಾಲಿಗೆ, ತರಕಾರಿಗೆ, ಬಸ್ಸಿಗೆ, ಗುಡಿಗೆ, ಗ್ರಂಥಾಲಯಕ್ಕೆ ನಡೆದೇ ಹೋಗುತ್ತಿದ್ದ ಕಾಲದ ಬಡಾವಣೆ ಇದು. ಇದರ ಗುಣಗಳೂ ಇದರ ಇಂದಿನ ಸಂಕಷ್ಟಗಳೂ ಆ ನಡಿಗೆಯ ದೂರಕ್ಕೆ ಸಂಬಂಧಿಸಿದವುಗಳೇ.

ಯುದ್ಧದ ಹಿನ್ನೆಲೆಯನ್ನು ಮೊದಲು ಚುಟುಕಾಗಿ ನೋಡೋಣ. 1940ರ ಕೊನೆಯಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಅವರು ಇಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧ ತೀವ್ರವಾದಂತೆ ಅದು ಮಿತ್ರಪಡೆಗಳ ವಿಮಾನಗಳ ದುರಸ್ತಿ ಕೇಂದ್ರವಾಯಿತು. ದಂಡಿನಲ್ಲಿ ಸೈನ್ಯ ತುಂಬಿತು, ಕಾರ್ಖಾನೆಗಳಿಗೆ ಕೆಲಸಗಾರರು ಬಂದರು, ಸರ್ಕಾರಿ ಕಚೇರಿಗಳು ಬೆಳೆದವು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷ ಇದ್ದ ಬೆಂಗಳೂರಿನ ಜನಸಂಖ್ಯೆ 1951ರ ವೇಳೆಗೆ 7.8 ಲಕ್ಷದ ಹತ್ತಿರಕ್ಕೆ ಏರಿತು. ಹತ್ತು ವರ್ಷದಲ್ಲಿ ಊರು ಹೆಚ್ಚುಕಡಿಮೆ ಇಮ್ಮಡಿಯಾಯಿತು ಎಂದಾಗ ಮನೆಗಳ ಸ್ಥಿತಿ ಹೇಗಿದ್ದಿರಬೇಕೆಂದು ಊಹಿಸಿಕೊಳ್ಳಬಹುದು. ಪೇಟೆಯ ವಠಾರಗಳು ತುಂಬಿ ತುಳುಕುತ್ತಿದ್ದವು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ಹೊಸಬರಿಗೆ ಜಾಗ ಉಳಿದಿರಲಿಲ್ಲ. ಈ ಒತ್ತಡದಲ್ಲಿಯೇ 1945ರ ಕಾಯಿದೆಯ ಮೂಲಕ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಹಳೆಯ ಮನೆಗಳ ಕಾಗದಪತ್ರಗಳಲ್ಲಿ ಇಂದಿಗೂ ‘ಸಿ.ಐ.ಟಿ.ಬಿ.’ ಎಂದು ಕಾಣುವುದು ಇದೇ ಮಂಡಳಿ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬರುವವರೆಗೆ ನಗರದ ಬಡಾವಣೆಗಳನ್ನು ರೂಪಿಸಿದ್ದು ಅದು.

ಮಂಡಳಿ ಕೈಗೆತ್ತಿಕೊಂಡ ದೊಡ್ಡ ಯೋಜನೆಗಳಲ್ಲಿ ಪಶ್ಚಿಮದ ರಾಜಾಜಿನಗರ ಮತ್ತು ದಕ್ಷಿಣದ ಜಯನಗರ ಮುಖ್ಯವಾದವು. ರಾಜಾಜಿನಗರಕ್ಕೆ ಕೈಗಾರಿಕೆಯ ನಂಟಿತ್ತು. ಜಯನಗರ ಬಹುಮಟ್ಟಿಗೆ ವಾಸದ ಬಡಾವಣೆಯಾಯಿತು. 1948ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರಿಂದ ಜಯನಗರಕ್ಕೆ ಶಂಕುಸ್ಥಾಪನೆಯಾಯಿತು. ಅದರ ನೆನಪಿಗೆ ನಿಂತ ಸಿಂಹಶೀರ್ಷದ ಅಶೋಕ ಸ್ತಂಭ ಇಂದಿಗೂ ಬಡಾವಣೆಯ ಉತ್ತರದ ಬಾಗಿಲಿನಲ್ಲಿದೆ. ಸ್ವಾತಂತ್ರ್ಯ ಬಂದು ಒಂದು ವರ್ಷವಾಗಿದ್ದ ಹೊತ್ತಿನಲ್ಲಿ ಒಂದು ವಸತಿ ಬಡಾವಣೆಯ ಆರಂಭಕ್ಕೆ ಅಶೋಕನ ಲಾಂಛನವನ್ನು ಆರಿಸಿಕೊಂಡಿದ್ದರಲ್ಲಿ ಆ ಕಾಲದ ಹುಮ್ಮಸ್ಸು ಕಾಣುತ್ತದೆ. ಅಲ್ಲಿಯವರೆಗೆ ಊರಿನ ದಕ್ಷಿಣದ ಅಂಚೆಂದರೆ ಲಾಲ್‌ಬಾಗಿನ ಬಂಡೆಯ ಮೇಲಿನ ಕೆಂಪೇಗೌಡರ ಗೋಪುರ, ಬಸವನಗುಡಿಯ ಕಡೆಯಿಂದ ಬಂದರೆ ಸೌತ್ ಎಂಡ್ ವೃತ್ತ. ಆ ವೃತ್ತದ ಹೆಸರೇ ಹೇಳುವಂತೆ ನಗರ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಅಂಚಿನ ಆಚೆಗಿದ್ದ ನೆಲ ಖಾಲಿ ನೆಲವಾಗಿರಲಿಲ್ಲ. ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಜಯನಗರವನ್ನು ಹೊಗಳುವ ಬರಹಗಳು ಇದನ್ನು ಮರೆಯುತ್ತವೆ. ಸಿದ್ದಾಪುರ, ಕನಕನಪಾಳ್ಯ, ಭೈರಸಂದ್ರ, ಯಡಿಯೂರು, ಮಾರೇನಹಳ್ಳಿ — ಇವೆಲ್ಲ ಕೆರೆ, ಹೊಲ, ತೋಟಗಳಿದ್ದ ಹಳ್ಳಿಗಳು. ಲಾಲ್‌ಬಾಗಿಗೆ ಅಂಟಿಕೊಂಡಿದ್ದ ಸಿದ್ದಾಪುರದಲ್ಲಿ ಹೂವು, ತರಕಾರಿ ಮತ್ತು ಗಿಡಗಳನ್ನು ಬೆಳೆಸುವ ಮನೆತನಗಳಿದ್ದವು; ಅಲ್ಲಿನ ನರ್ಸರಿಗಳು ನಗರದ ಎಷ್ಟೋ ಮನೆಗಳ ಅಂಗಳಕ್ಕೆ ಗಿಡ ಕೊಟ್ಟಿವೆ. ಮಂಡಳಿ ರಾಗಿಯ ಹೊಲಗಳನ್ನೂ ತೋಟಗಳನ್ನೂ ಸ್ವಾಧೀನಪಡಿಸಿಕೊಂಡಿತು. ಗ್ರಾಮಠಾಣಾ, ಅಂದರೆ ಜನ ವಾಸವಿದ್ದ ಊರಿನ ನಡುಭಾಗವನ್ನು, ಬಹುಮಟ್ಟಿಗೆ ಇದ್ದಂತೆಯೇ ಬಿಟ್ಟಿತು. ಆದ್ದರಿಂದ ಇಂದಿಗೂ ಜಯನಗರದ ಅಗಲವಾದ ನೇರ ರಸ್ತೆಯೊಂದರಲ್ಲಿ ನಡೆಯುತ್ತಿರುವಾಗ ಒಂದು ತಿರುವಿನಲ್ಲಿ ದಾರಿ ಇದ್ದಕ್ಕಿದ್ದಂತೆ ಕಿರಿದಾಗಿ, ಜಗಲಿಯಿರುವ ಮನೆಗಳು, ಅರಳಿಕಟ್ಟೆ, ಗ್ರಾಮದೇವತೆಯ ಗುಡಿ ಎದುರಾಗುತ್ತವೆ. ಸೌತ್ ಎಂಡ್ ಬಳಿಯ ಪಾತಾಳಮ್ಮನ ಗುಡಿ ಬಡಾವಣೆಗಿಂತ ಹಳೆಯ ಲೋಕವೊಂದಕ್ಕೆ ಸೇರಿದ್ದು. ಹೊಲ ಕಳೆದುಕೊಂಡವರ ಮಕ್ಕಳಲ್ಲಿ ಕೆಲವರು ಅದೇ ಹೊಲದ ಮೇಲೆ ಎದ್ದ ಮನೆಗಳಿಗೆ ಹಾಲು ಹಾಕಿದರು, ಗಾರೆ ಕೆಲಸ ಮಾಡಿದರು, ತರಕಾರಿ ಮಾರಿದರು. ಕೆಲವರು ಉಳಿದ ನೆಲದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟು ಏಳಿಗೆ ಹೊಂದಿದರು. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಹೆಂಗಸರು ಈ ಹಳ್ಳಿಗಳಿಂದ, ತಿಲಕನಗರದಿಂದ, ಗುರಪ್ಪನಪಾಳ್ಯದ ಕಡೆಯಿಂದ ಬೆಳಿಗ್ಗೆ ಆರಕ್ಕೇ ನಡೆದು ಬರುತ್ತಿದ್ದರು. ಅವರ ದುಡಿಮೆಯಿಲ್ಲದೆ ಇಲ್ಲಿನ ಗೃಹಸ್ಥ ಜೀವನ ಒಂದು ದಿನವೂ ನಡೆಯುತ್ತಿರಲಿಲ್ಲ. ನಕ್ಷೆಯಲ್ಲಿ ಅವರಿಗೆ ಮೀಸಲಾದ ಜಾಗ ಇರಲಿಲ್ಲ ಎಂಬುದು ಈ ಯೋಜನೆಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ನಕ್ಷೆಯ ವಿಷಯಕ್ಕೆ ಬರುತ್ತೇನೆ. ಶಾಲೆ, ಅಂಗಡಿ, ಉದ್ಯಾನಗಳು ಮನೆಯಿಂದ ನಡಿಗೆಯ ದೂರದಲ್ಲಿರಬೇಕು ಎಂಬ ವಿಚಾರವನ್ನು ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ಮಂಡಿಸಿದ್ದರು. ಯುದ್ಧದ ನಂತರ ಹಲವು ದೇಶಗಳ ನಗರ ಯೋಜಕರಲ್ಲಿ ಅದು ಪ್ರಚಲಿತವಾಗಿತ್ತು. ಜಯನಗರದ ಬ್ಲಾಕುಗಳ ವಿನ್ಯಾಸವನ್ನು ನೋಡಿದರೆ ಆ ವಿಚಾರದ ನೆರಳು ಕಾಣುತ್ತದೆ. ಒಟ್ಟು 9 ಬ್ಲಾಕುಗಳು, ಜೊತೆಗೆ ತಿಲಕನಗರದ ಪಕ್ಕದ ‘ಟಿ’ ಬ್ಲಾಕು. ಉತ್ತರ-ದಕ್ಷಿಣವಾಗಿ ಹೋಗುವ ರಸ್ತೆಗಳು ಮೇನ್‌ಗಳು, ಅವುಗಳನ್ನು ಅಡ್ಡಕ್ಕೆ ಕತ್ತರಿಸುವವು ಕ್ರಾಸ್‌ಗಳು. ಕ್ರಾಸ್‌ಗಳ ಸಂಖ್ಯೆ ಅಶೋಕ ಸ್ತಂಭದ ಕಡೆಯಿಂದ ದಕ್ಷಿಣಕ್ಕೆ ಏರುತ್ತಾ ಹೋಗುತ್ತದೆ. 30ನೇ ಕ್ರಾಸ್ ಎಂದರೆ ನಾಲ್ಕನೇ ಬ್ಲಾಕು, 40 ದಾಟಿದರೆ ಐದನೆಯದೋ ಎಂಟನೆಯದೋ ಎಂದು ಇಲ್ಲಿನ ಮಕ್ಕಳೂ ಹೇಳಬಲ್ಲರು. ಸಂಖ್ಯೆಗಳ ವಿಳಾಸ ಶುಷ್ಕವೆಂದು ಆಕ್ಷೇಪಿಸುವವರಿದ್ದಾರೆ. ಆದರೆ ಊರಿಗೆ ಹೊಸದಾಗಿ ಬಂದವನಿಗೆ, ಯಾವ ಜಾತಿಯ ಕೇರಿ, ಯಾರ ಬೀದಿ ಎಂದು ಕೇಳದೆ ಮನೆ ಹುಡುಕಲು ಸಾಧ್ಯವಾಗಿಸಿದ್ದು ಈ ಸಂಖ್ಯೆಗಳೇ. ಪೇಟೆಯಲ್ಲಿ ಬೀದಿಯ ಹೆಸರೇ ಕಸುಬನ್ನೂ ಕುಲವನ್ನೂ ಹೇಳುತ್ತಿತ್ತು: ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಜಯನಗರದ 22ನೇ ಕ್ರಾಸ್‌ಗೆ ಅಂಥ ಗುರುತು ಇಲ್ಲ. ವಾಸ್ತವದಲ್ಲಿ ಜಾತಿಯ ಅಂತರಗಳು ಬಾಡಿಗೆ ಕೊಡುವಾಗ, ಮನೆಯೊಳಗೆ ಕರೆಯುವಾಗ ಉಳಿದೇ ಇದ್ದವು ಎಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಆದರೂ ರಸ್ತೆ ಎಲ್ಲರದಾಗಿತ್ತು.

ಸೈಟು ಪಡೆದವರು ಯಾರು? ಸರ್ಕಾರಿ ಕಚೇರಿಗಳ ಗುಮಾಸ್ತರು, ಶಾಲಾ ಮಾಸ್ತರರು, ಎಂಜಿನಿಯರುಗಳು, ಬ್ಯಾಂಕು ಮತ್ತು ಸಾರ್ವಜನಿಕ ಉದ್ದಿಮೆಗಳ ನೌಕರರು. ದೂರವಾಣಿ ಕಾರ್ಖಾನೆ ಐ.ಟಿ.ಐ. 1948ರಲ್ಲಿ, ಯಂತ್ರೋಪಕರಣಗಳ ಎಚ್.ಎಂ.ಟಿ. 1953ರಲ್ಲಿ, ಎಲೆಕ್ಟ್ರಾನಿಕ್ಸ್‌ನ ಬಿ.ಇ.ಎಲ್. 1954ರಲ್ಲಿ ಆರಂಭವಾದವು, 1956ರ ಏಕೀಕರಣದ ನಂತರ ವಿಸ್ತಾರವಾದ ರಾಜ್ಯದ ಆಡಳಿತಕ್ಕೆ ಬೆಂಗಳೂರೇ ಕೇಂದ್ರವಾಯಿತು. ತುಮಕೂರು, ಹಾಸನ, ಮೈಸೂರು, ಕೋಲಾರಗಳಿಂದ, ಕರಾವಳಿಯಿಂದ, ಧಾರವಾಡದ ಕಡೆಯಿಂದ ಓದಿದ ತರುಣರು ಬಂದರು. ಮಂಡಳಿಗೆ ಅರ್ಜಿ ಹಾಕಿ, ಮೊದಲು ಗುತ್ತಿಗೆ, ನಂತರ ಮಾರಾಟ ಎಂಬ ಲೀಸ್-ಕಮ್-ಸೇಲ್ ಕರಾರಿನಲ್ಲಿ 30-40, 40-60 ಅಡಿಗಳ ಸೈಟು ಪಡೆದು, ಪ್ರಾವಿಡೆಂಟ್ ಫಂಡಿನಿಂದಲೋ 1956ರಲ್ಲಿ ಆರಂಭವಾದ ಜೀವ ವಿಮಾ ನಿಗಮದಿಂದಲೋ ಸಾಲ ಎತ್ತಿ, ಹೆಂಡತಿಯ ಒಡವೆಯನ್ನೂ ಅಡವಿಟ್ಟು ಮನೆ ಕಟ್ಟಿದ ಕಥೆ ಇಲ್ಲಿನ ಹಳೆಯ ಮನೆಗಳಲ್ಲೆಲ್ಲ ಸ್ವಲ್ಪ ಹೆಚ್ಚುಕಡಿಮೆಯೊಂದಿಗೆ ಒಂದೇ. ಮೊದಲು ಕೆಳಗಿನ ಮನೆ, ಎಂಟು ಹತ್ತು ವರ್ಷದ ನಂತರ ಮೇಲಿನ ಮನೆ, ಹಿಂದೆ ಒಂದು ಔಟ್‌ಹೌಸ್. ಮೇಲಿನ ಮನೆಯ ಬಾಡಿಗೆಯಿಂದ ಸಾಲದ ಕಂತು ತೀರುತ್ತಿತ್ತು. ಹೀಗಾಗಿ ಜಯನಗರ ಮಾಲೀಕರ ಬಡಾವಣೆಯಾಗಿದ್ದಷ್ಟೇ ಬಾಡಿಗೆದಾರರ ಬಡಾವಣೆಯೂ ಆಗಿತ್ತು. ಕೆಳಗಿನವರಿಗೆ ಕನ್ನಡ, ಮೇಲಿನವರಿಗೆ ತೆಲುಗು, ಪಕ್ಕದವರಿಗೆ ತಮಿಳು, ಎದುರಿನವರಿಗೆ ಕೊಂಕಣಿ ಮನೆಮಾತಾಗಿರುವುದು ಇಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಮಕ್ಕಳು ಆಟವಾಡುವಾಗ ಎಲ್ಲರಿಗೂ ಕನ್ನಡ ಬರುತ್ತಿತ್ತು.

ಆ ಮನೆಗಳ ರೂಪವನ್ನೂ ಗಮನಿಸಬೇಕು. ಬಸವನಗುಡಿಯ ಹೆಂಚಿನ ಮನೆಗಳ ಮರದ ಕೆತ್ತನೆಯಾಗಲಿ, ಒಳಾಂಗಣದ ತೊಟ್ಟಿಯಾಗಲಿ ಇಲ್ಲಿಲ್ಲ. ಆರ್‌.ಸಿ.ಸಿ. ತಾರಸಿ, ಕಿಟಕಿಗಳ ಮೇಲೆ ಉದ್ದಕ್ಕೆ ಓಡುವ ಸಜ್ಜ, ಮೂಲೆಯಲ್ಲಿ ದುಂಡಗೆ ತಿರುಗುವ ಬಾಲ್ಕನಿ, ಕಬ್ಬಿಣದ ಗ್ರಿಲ್ಲಿನಲ್ಲಿ ಉದಯಸೂರ್ಯನೋ ವೀಣೆಯೋ, ನೆಲಕ್ಕೆ ಕೆಂಪು ಆಕ್ಸೈಡ್ ಅಥವಾ ಮೊಸಾಯಿಕ್. ಕಾಂಪೌಂಡಿನಲ್ಲಿ ಒಂದು ತೆಂಗಿನ ಮರ, ಕರಿಬೇವಿನ ಗಿಡ, ಪಾರಿಜಾತ, ಹಿತ್ತಿಲಲ್ಲಿ ಬಾವಿ. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬರುವ ಮುನ್ನ ತಿಪ್ಪಗೊಂಡನಹಳ್ಳಿ ಜಲಾಶಯದ ನೀರಿನ ಜೊತೆ ಬಾವಿಯ ನೀರನ್ನೂ ನೆಚ್ಚಿಕೊಂಡಿದ್ದ ಮನೆಗಳು ಬಹಳ. ಹೊರಟುಹೋಗುತ್ತಿರುವ ಈ ಮನೆಗಳಿಗೆ ಪಾರಂಪರಿಕ ಕಟ್ಟಡಗಳೆಂಬ ಗೌರವ ಯಾರೂ ಕೊಟ್ಟಿಲ್ಲ. ಅರಮನೆ, ಚರ್ಚು, ಬಂಗಲೆಗಳನ್ನು ಉಳಿಸಬೇಕೆಂದು ಹೋರಾಡುವವರಿದ್ದಾರೆ. ಒಬ್ಬ ಮಾಸ್ತರರು ತಮ್ಮ ಉಳಿತಾಯದಲ್ಲಿ ಕಟ್ಟಿಸಿದ 1960ರ ಮನೆಯನ್ನು ನಗರದ ಚರಿತ್ರೆಯ ದಾಖಲೆ ಎಂದು ಭಾವಿಸುವವರು ವಿರಳ. ಆ ದೃಷ್ಟಿ ಬದಲಾಗಬೇಕೆಂದು ನಾನು ಬಯಸುತ್ತೇನೆ.

ಇನ್ನು ನಾಲ್ಕನೇ ಬ್ಲಾಕಿಗೆ ಬರೋಣ, ಏಕೆಂದರೆ ಜಯನಗರದ ಹೃದಯ ಅಲ್ಲಿದೆ. 1970ರ ದಶಕದಲ್ಲಿ ಎದ್ದ ಶಾಪಿಂಗ್ ಕಾಂಪ್ಲೆಕ್ಸ್ ಪಾಲಿಕೆಯ ಒಡೆತನದ್ದು. ತರಕಾರಿ, ಹಣ್ಣು, ಹೂವು, ಬಟ್ಟೆ, ಪಾತ್ರೆ, ಪುಸ್ತಕ, ಜನತಾ ಬಜಾರು, ಕಚೇರಿಗಳು, ಪಕ್ಕದಲ್ಲೇ ಬಸ್ ನಿಲ್ದಾಣ ಎಲ್ಲವನ್ನೂ ಒಂದೆಡೆ ತಂದದ್ದು ಅದರ ಸಾಧನೆ. ಅದರೊಳಗೆ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವಿತ್ತು. ಕನ್ನಡದ ನಿರ್ದೇಶಕರೊಬ್ಬರ ಹೆಸರನ್ನು ಸಾರ್ವಜನಿಕ ಚಿತ್ರಮಂದಿರಕ್ಕೆ ಇಟ್ಟು, ಸಂತೆಯ ನಡುವೆಯೇ ಅದನ್ನು ನಡೆಸಿದ್ದು ನನಗೆ ಇಂದಿಗೂ ಹೆಮ್ಮೆಯ ವಿಷಯ. ಕಾಂಪ್ಲೆಕ್ಸಿನ ಆ ಭಾಗ ಈಗ ಇಲ್ಲ. ನಂದ, ಶಾಂತಿ ಮುಂತಾದ ಸುತ್ತಲಿನ ಒಂಟಿ ಪರದೆಯ ಚಿತ್ರಮಂದಿರಗಳೂ ಒಂದೊಂದಾಗಿ ಮುಚ್ಚಿದವು. ನಂದ ಹೋದ ಮೇಲೂ ಆ ದಾರಿಯನ್ನು ನಂದ ರಸ್ತೆಯೆಂದೇ ಜನ ಕರೆಯುತ್ತಾರೆ.

ಕಾಂಪ್ಲೆಕ್ಸಿನ ಸುತ್ತಲಿನ ಕಾಲುದಾರಿಯಲ್ಲಿ ಬೆಳೆದದ್ದು ಇನ್ನೊಂದು ಮಾರುಕಟ್ಟೆ. ಮಲ್ಲಿಗೆ ಮತ್ತು ಕನಕಾಂಬರದ ಮಾಲೆ, ಉಪ್ಪು-ಖಾರ ಹಚ್ಚಿದ ಸೀಬೆಕಾಯಿ ಮತ್ತು ತೋತಾಪುರಿ ಮಾವಿನಕಾಯಿ, ಬಳೆ, ಕುಂಕುಮ, ಚೀಲ, ಚಪ್ಪಲಿ, ಸಂಜೆಯಾದರೆ ಮಸಾಲೆ ಪುರಿ. ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಅವರೆಕಾಯಿ, ಗೌರಿ ಹಬ್ಬಕ್ಕೆ ಮೊರದ ಬಾಗಿನದ ಸಾಮಾನು, ಯುಗಾದಿಯ ಹಿಂದಿನ ದಿನ ಮಾವಿನೆಲೆ ಮತ್ತು ಬೇವು. ಹಬ್ಬದ ಪಂಚಾಂಗವನ್ನು ಈ ಕಾಲುದಾರಿಯಲ್ಲಿಯೇ ಓದಿಕೊಳ್ಳಬಹುದು. ಬೀದಿ ವ್ಯಾಪಾರಿಗಳ ಬದುಕಿಗೆ ರಕ್ಷಣೆ ಕೊಡುವ ಕೇಂದ್ರದ ಕಾಯಿದೆ 2014ರಲ್ಲಿ ಬಂದಿದೆ. ಸಮೀಕ್ಷೆ ನಡೆಸಿ ವ್ಯಾಪಾರಿಗಳನ್ನು ಗುರುತಿಸಬೇಕು, ಮಾರಾಟ ಸಮಿತಿಗಳನ್ನು ರಚಿಸಬೇಕು, ಜಾಗ ನಿಗದಿ ಮಾಡಬೇಕು ಎಂದು ಅದು ಹೇಳುತ್ತದೆ. ಆದರೂ ಆಗಾಗ ತೆರವು ಕಾರ್ಯಾಚರಣೆ ನಡೆಯುವುದೂ ಕೆಲವು ದಿನಗಳಲ್ಲಿ ಅವರು ಮರಳಿ ಬರುವುದೂ ನಿಂತಿಲ್ಲ. ನಡೆಯಲು ಜಾಗ ಬೇಕೆಂಬ ವೃದ್ಧರ ಬೇಡಿಕೆ ನ್ಯಾಯವಾದದ್ದು. ನಲವತ್ತು ವರ್ಷದಿಂದ ಅದೇ ಮೂಲೆಯಲ್ಲಿ ಹೂ ಕಟ್ಟುವವರ ಹಕ್ಕೂ ನ್ಯಾಯವಾದದ್ದು. ನಿಲ್ಲಿಸಿದ ಕಾರು, ಬೈಕುಗಳು ಆಕ್ರಮಿಸಿರುವ ಜಾಗವನ್ನು ಮೊದಲು ಅಳೆದರೆ ಈ ಇಬ್ಬರ ನಡುವಿನ ಜಗಳ ಬಹಳಷ್ಟು ಕಡಿಮೆಯಾಗುತ್ತದೆ ಎಂದು ನನಗೆ ಅನಿಸುತ್ತದೆ.

ಈ ಬಡಾವಣೆ ಇಡೀ ನಗರಕ್ಕೆ ಕೊಟ್ಟ ಒಂದು ಕೊಡುಗೆಯನ್ನು ಇಲ್ಲಿ ಹೇಳಲೇಬೇಕು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ‘ಕೆಫೆ ದರ್ಶಿನಿ’ ಆರಂಭಿಸಿದರು. ಕುರ್ಚಿಗಳಿಲ್ಲ, ಹಣ ಕೊಟ್ಟು ಟೋಕನ್ ತೆಗೆದುಕೊಂಡು, ಕಣ್ಣೆದುರಿಗೇ ಕಾಣುವ ಅಡಿಗೆಮನೆಯಿಂದ ತಟ್ಟೆ ಪಡೆದು, ಎದೆಯೆತ್ತರದ ಮೇಜಿನ ಬಳಿ ನಿಂತು ತಿನ್ನುವುದು. ಬಡಿಸುವವರ ಖರ್ಚಿಲ್ಲದ್ದರಿಂದ ಬೆಲೆ ಕಡಿಮೆ, ಜನ ಬೇಗ ಬಂದು ಬೇಗ ಹೋಗುವುದರಿಂದ ಇಡ್ಲಿ, ವಡೆ ಸದಾ ಬಿಸಿ, ಅಡಿಗೆಮನೆ ಎಲ್ಲರಿಗೂ ಕಾಣುವುದರಿಂದ ಶುಚಿಯ ಬಗ್ಗೆ ಭರವಸೆ. ಹಳೆಯ ಹೋಟೆಲಿನಲ್ಲಿ ಒಂದು ಕಾಫಿಗೆ ಗಂಟೆಗಟ್ಟಲೆ ಕುಳಿತು ಹರಟುವ ಸುಖ ಇದರಲ್ಲಿ ಇಲ್ಲ, ನಿಜ. ಆದರೆ ಬಸ್ಸಿಗೆ ಹೊರಟ ಗುಮಾಸ್ತರು, ಟ್ಯೂಷನ್ನಿನಿಂದ ಬರುವ ವಿದ್ಯಾರ್ಥಿಗಳು, ಆಟೋ ಚಾಲಕರು, ಬೆಳಗಿನ ನಡಿಗೆ ಮುಗಿಸಿದ ನಿವೃತ್ತರು ಒಂದೇ ಮೇಜಿನ ಮೇಲೆ ಲೋಟವಿಟ್ಟು ಬೈಟು ಕಾಫಿ ಕುಡಿಯುವಂತಾಯಿತು. ಒಂಟಿಯಾಗಿ ಹೋಟೆಲಿಗೆ ಹೋಗಲು ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳೂ ಈ ತೆರೆದ ಜಾಗದಲ್ಲಿ ನಿಂತು ದೋಸೆ ತಿನ್ನತೊಡಗಿದರು. ಕೆಲವೇ ವರ್ಷಗಳಲ್ಲಿ ದರ್ಶಿನಿ ಎಂಬುದು ಒಂದು ಹೋಟೆಲಿನ ಹೆಸರಾಗಿ ಉಳಿಯದೆ ಒಂದು ಬಗೆಯ ಹೋಟೆಲಿನ ಹೆಸರೇ ಆಗಿ ನಗರದ ತುಂಬ ಹರಡಿತು. ಸಂಬಳದ ಜನ, ನಡಿಗೆಯ ದೂರ, ಬಸ್ಸಿನ ವೇಳೆ ಇವು ಮೂರೂ ಕೂಡಿದ ಕಡೆಯಲ್ಲಿ ಇಂಥದ್ದು ಹುಟ್ಟಿದ್ದು ಸಹಜವೇ ಆಗಿದೆ. ಇದರ ಜೊತೆಗೆ, ಹಾಸನ ಕಡೆಯ ಅಯ್ಯಂಗಾರರು ನಗರಕ್ಕೆ ಪರಿಚಯಿಸಿದ ಬೇಕರಿಗಳು, ಕೋಡುಬಳೆ-ಚಕ್ಕುಲಿ-ಒಬ್ಬಟ್ಟು ಮಾರುವ ಕಾಂಡಿಮೆಂಟ್ಸ್ ಅಂಗಡಿಗಳು, ಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಕಾಫಿ ಪುಡಿ ಅಂಗಡಿಗಳು, 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾದ ಹಾಪ್‌ಕಾಮ್ಸ್‌ನ ಮಳಿಗೆಗಳು ಇವನ್ನೂ ಸೇರಿಸಿಕೊಳ್ಳಬೇಕು.

ವಿದ್ಯೆ ಮತ್ತು ಕಲೆಗಳ ವಿಷಯದಲ್ಲಿ ಜಯನಗರ ಮೊದಲು ಬಸವನಗುಡಿಯ ಮಡಿಲಲ್ಲೇ ಬೆಳೆಯಿತು. ಶಿಕ್ಷಣತಜ್ಞ ಡಾ. ಎಚ್. ನರಸಿಂಹಯ್ಯನವರ ಪ್ರಭಾವವಿದ್ದ ನ್ಯಾಷನಲ್ ಕಾಲೇಜಿನ ಶಾಖೆ ಏಳನೇ ಬ್ಲಾಕಿಗೆ ಬಂದಿತು. ವಿಜಯಾ ಕಾಲೇಜು, ಆರ್.ವಿ. ಸಂಸ್ಥೆಗಳು, ಮೂರನೇ ಬ್ಲಾಕಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜು ಬೆಳೆದವು. ಹೆಣ್ಣುಮಕ್ಕಳು ಮನೆಯಿಂದ ನಡೆದೇ ಹೋಗಬಹುದಾದ ಕಾಲೇಜು ಬಡಾವಣೆಯ ನಡುವೆಯೇ ಇದ್ದುದರಿಂದ ಎಷ್ಟು ಮನೆಗಳಲ್ಲಿ ಓದು ಮುಂದುವರಿಯಿತು ಎಂಬುದನ್ನು ಇಲ್ಲಿ ಕುಳಿತಿರುವ ಹಿರಿಯ ಹೆಂಗಸರೇ ನನಗಿಂತ ಚೆನ್ನಾಗಿ ಹೇಳಬಲ್ಲರು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ನಂತರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತಿದ್ದೇವೆ. ಶಾಖಾ ಗ್ರಂಥಾಲಯದಲ್ಲಿ ಬೆಳಗಿನ ಪತ್ರಿಕೆಗೆ ಸರದಿ ಕಾಯುವ ಹಿರಿಯರು ಈ ಬಡಾವಣೆಯ ಪರಿಚಿತ ದೃಶ್ಯ. ಕನ್ನಡ ಪುಸ್ತಕಗಳಿಗೆ, ಹಾಡುಗಳ ಸಿ.ಡಿ.ಗಳಿಗೆ ಮೀಸಲಾದ ‘ಟೋಟಲ್ ಕನ್ನಡ’ ಎಂಬ ಮಳಿಗೆ ನೆಲೆ ಕಂಡುಕೊಂಡದ್ದೂ ಇಲ್ಲಿಯೇ.

ಸಂಗೀತದ ವಿಷಯ ಬೇರೆಯೇ ಹೇಳಬೇಕು. ಸಂಜೆ ಐದರಿಂದ ಏಳರವರೆಗೆ ಯಾವುದೇ ಕ್ರಾಸ್‌ನಲ್ಲಿ ನಡೆದರೂ ಒಂದು ಮನೆಯಿಂದ ಸರಳೆ ವರಸೆ, ಇನ್ನೊಂದರಿಂದ ವೀಣೆ, ಮತ್ತೊಂದರಿಂದ ಭರತನಾಟ್ಯದ ತಟ್ಟುಕೋಲಿನ ಸದ್ದು ಕೇಳುತ್ತಿದ್ದ ಕಾಲವೊಂದಿತ್ತು. ಈಗಲೂ ಅದು ಪೂರ್ತಿ ಹೋಗಿಲ್ಲ. ರಾಮನವಮಿಯ ಪಾನಕ, ಕೋಸಂಬರಿ, ನೀರುಮಜ್ಜಿಗೆಯ ಜೊತೆ ಕಚೇರಿಗಳೂ ನಡೆಯುತ್ತವೆ. ಐದನೇ ಬ್ಲಾಕಿನ ರಾಘವೇಂದ್ರ ಸ್ವಾಮಿಗಳ ಮಠದಲ್ಲಿ ಆರಾಧನೆಯ ದಿನಗಳಲ್ಲಿ ದಾಸರ ಪದಗಳನ್ನು ಕೇಳಲು ಬರುವವರಲ್ಲಿ ಎಲ್ಲ ಬಗೆಯವರೂ ಇರುತ್ತಾರೆ. ಒಂಬತ್ತನೇ ಬ್ಲಾಕಿನ ರಾಗಿಗುಡ್ಡದ ಪ್ರಸನ್ನ ಆಂಜನೇಯಸ್ವಾಮಿ ದೇವಸ್ಥಾನ 1969ರಲ್ಲಿ ತರುಣರ ಉತ್ಸಾಹದಿಂದ ಬಂಡೆಯ ಮೇಲೆ ಆರಂಭವಾದದ್ದು. ಹನುಮಜ್ಜಯಂತಿಯ ಸಮಯದಲ್ಲಿ ಹಲವು ದಿನಗಳ ಸಂಗೀತೋತ್ಸವ ಅಲ್ಲಿ ನಡೆಯುತ್ತದೆ. ಆ ಗುಡ್ಡದ ಕಥೆ ನಿಮಗೆ ತಿಳಿದೇ ಇದೆ. ಬೇಡಲು ಬಂದ ದಾಸಯ್ಯರಿಗೆ ಸೊಸೆ ಸುಧರ್ಮ ಮೊರದ ತುಂಬ ರಾಗಿ ಕೊಡಲು ಹೋದಾಗ ಅತ್ತೆ ತಡೆದಳೆಂದೂ, ದಾನ ಕೊಡಲಾಗದೆ ನೊಂದ ಸೊಸೆಯ ಪ್ರಾರ್ಥನೆಯಿಂದ ರಾಗಿಯ ರಾಶಿಯೇ ಕಲ್ಲಾಯಿತೆಂದೂ ಹೇಳುತ್ತಾರೆ. ಬಡಾವಣೆ ಬರುವ ಮುನ್ನ ಇಲ್ಲಿ ಬೆಳೆಯುತ್ತಿದ್ದ ಬೆಳೆ, ಬಾಳುತ್ತಿದ್ದ ಒಕ್ಕಲು ಮನೆ, ಅದರೊಳಗಿನ ಸೊಸೆಯ ನೋವು ಆ ಕಥೆಯಲ್ಲಿ ಉಳಿದುಕೊಂಡಿದೆ.

ಮರಗಳ ಬಗ್ಗೆ ಹೇಳದೆ ಜಯನಗರದ ಮಾತು ಮುಂದೆ ಸಾಗದು. ಮಾಘದಿಂದ ಚೈತ್ರದವರೆಗೆ ಟಬೆಬೂಯಾದ ಗುಲಾಬಿ, ನಂತರ ಜಕರಂಡದ ನೇರಳೆ, ಬೇಸಿಗೆಯ ನಡುವೆ ಗುಲ್‌ಮೊಹರಿನ ಕೆಂಪು, ಯುಗಾದಿಯ ಹೊತ್ತಿಗೆ ಹೊಂಗೆಯ ಎಳೆ ಹಸಿರು. ಒಂದು ಮರ ಹೂ ಬಿಡುವುದು ನಿಂತಾಗ ಇನ್ನೊಂದು ಅರಳುವಂತೆ ರಸ್ತೆ ಮರಗಳನ್ನು ಆರಿಸುವ ಪದ್ಧತಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಅವರ ಕಾಲದಿಂದ ಈ ನಗರಕ್ಕೆ ಬಂದದ್ದು; ಎಂ.ಎಚ್. ಮರಿಗೌಡರಂಥ ತೋಟಗಾರಿಕಾ ತಜ್ಞರು ಅದನ್ನು ಮುಂದುವರಿಸಿದರು. ರಸ್ತೆಯ ಎರಡು ಬದಿಯ ಮಳೆಮರಗಳು ಮೇಲೆ ಕೂಡಿಕೊಂಡು ಮಧ್ಯಾಹ್ನವೂ ನೆರಳಿರುತ್ತಿದ್ದುದರಿಂದಲೇ ಮುದುಕರೂ ಮಕ್ಕಳೂ ಕಾಂಪ್ಲೆಕ್ಸಿನವರೆಗೆ ನಡೆದು ಹೋಗಿ ಬರುತ್ತಿದ್ದರು. ನೆರಳಿಲ್ಲದಿದ್ದರೆ ಆ ದೂರವೇ ದೂರವಾಗಿಬಿಡುತ್ತದೆ. 2009ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ನಂದ ರಸ್ತೆಯ ಉದ್ದಕ್ಕಿದ್ದ ಲಕ್ಷ್ಮಣರಾವ್ ಉದ್ಯಾನದ ಮರಗಳನ್ನು ಕಡಿಯತೊಡಗಿದಾಗ ಇಲ್ಲಿನ ಜನ ಬೀದಿಗಿಳಿದು ಮಾನವ ಸರಪಳಿ ಕಟ್ಟಿದರು. ಎಂದೂ ಘೋಷಣೆ ಕೂಗದ ನಿವೃತ್ತ ನೌಕರರು, ಗೃಹಿಣಿಯರು, ಶಾಲೆಯ ಮಕ್ಕಳು ಅಲ್ಲಿದ್ದರು. ಮಾರ್ಗ ಬದಲಾಗಲಿಲ್ಲ. ಆದರೆ ನಗರದ ಅಭಿವೃದ್ಧಿಯ ಬಗ್ಗೆ ತಮ್ಮನ್ನು ಕೇಳಬೇಕೆಂದು ಬಡಾವಣೆಯ ಜನ ಗಟ್ಟಿಯಾಗಿ ಹೇಳಿದ ಮೊದಲ ಸಂದರ್ಭಗಳಲ್ಲಿ ಅದೊಂದು ಎಂದು ನಾನು ಭಾವಿಸುತ್ತೇನೆ.

ಬದಲಾವಣೆ ಮೆಟ್ರೊ ಒಂದರಿಂದಲೇ ಬಂದದ್ದಲ್ಲ. 2007ರಲ್ಲಿ ಮಂಜೂರಾದ ಪರಿಷ್ಕೃತ ಮಹಾಯೋಜನೆ ರಸ್ತೆಯ ಅಗಲವನ್ನು ಆಧರಿಸಿ ವಾಸದ ಬೀದಿಗಳಲ್ಲೂ ವಾಣಿಜ್ಯಕ್ಕೆ ಅವಕಾಶ ಕೊಟ್ಟಿತು. ಅಗಲವಾದ ರಸ್ತೆಗಳೇ ಜಯನಗರದ ಹೆಮ್ಮೆಯಾಗಿದ್ದವು. ಆ ಅಗಲವೇ ಅವುಗಳಿಗೆ ಎರವಾಯಿತು. 11ನೇ ಮೇನ್, 30ನೇ ಕ್ರಾಸ್‌ಗಳಲ್ಲಿ ಮೊದಲೇ ಬಂದಿದ್ದ ಮಳಿಗೆಗಳು ಒಳಗಿನ ಬೀದಿಗಳಿಗೂ ನುಗ್ಗಿದವು. ಮಕ್ಕಳು ಹೊರದೇಶಗಳಲ್ಲಿ ನೆಲೆಸಿ, ವೃದ್ಧ ದಂಪತಿಗಳಷ್ಟೇ ಉಳಿದ ಮನೆಗಳಿಗೆ ಬಿಲ್ಡರುಗಳು ಬಂದು ಜಂಟಿ ಅಭಿವೃದ್ಧಿಯ ಕರಾರು ಮುಂದಿಟ್ಟರು. ಎರಡು ಸಂಸಾರವಿದ್ದ ಸೈಟಿನಲ್ಲಿ ಎಂಟು ಸಂಸಾರ, ಕೆಳಗೆ ಹದಿನಾಲ್ಕು ವಾಹನ. ಇದಕ್ಕೆ ಆ ವೃದ್ಧರನ್ನು ದೂಷಿಸುವುದು ಸರಿಯಲ್ಲ. ಮೆಟ್ಟಿಲು ಹತ್ತಲಾರದ, ಸಂಪು ತೊಳೆಸಲು ಆಳು ಸಿಗದ ಮನೆಯನ್ನು ಅವರು ಎಷ್ಟು ದಿನ ಕಾಪಾಡಿಯಾರು? ಅಂಗಳದ ಬಾವಿ, ತೆಂಗಿನ ಮರ, ಮಳೆನೀರು ಇಂಗುತ್ತಿದ್ದ ನೆಲ ಹೋದದ್ದರ ಪರಿಣಾಮ ಮಾತ್ರ ಇಡೀ ಬೀದಿಯದು. ಯಡಿಯೂರು ಕೆರೆಯನ್ನು ಜೀರ್ಣೋದ್ಧಾರ ಮಾಡಿದ್ದು ಸಮಾಧಾನದ ಸಂಗತಿ. ಭೈರಸಂದ್ರದ ಕೆರೆಯ ವಿಸ್ತಾರ ಹಿಂದಿನದಾಗಿ ಉಳಿದಿಲ್ಲ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸುತ್ತೇನೆ.

ಕಾಲೇಜು ವಿದ್ಯಾರ್ಥಿನಿಯೊಬ್ಬರು, “ನೀವು ಹೇಳಿದ ಜಯನಗರ ನಮ್ಮ ಅಜ್ಜಿ-ತಾತನ ಜಯನಗರ. ಕೋಣೆ ಹಂಚಿಕೊಂಡು ಬಾಡಿಗೆಗಿರುವ ನಮ್ಮಂಥವರಿಗೆ ಇಲ್ಲಿ ಯಾವ ಸಂಸ್ಕೃತಿ ಇದೆ?” ಎಂದು ಕೇಳಿದರು. ಈ ಪ್ರಶ್ನೆಯಿಂದ ನನಗೆ ಸಂತೋಷವಾಯಿತು. 1955ರಲ್ಲಿ ಹಾಸನದಿಂದ ಬಂದು ಔಟ್‌ಹೌಸಿನಲ್ಲಿ ಉಳಿದ ತರುಣನೂ ಬಾಡಿಗೆದಾರನೇ ಆಗಿದ್ದ, ಅವನಿಗೂ ಇಲ್ಲಿ ಯಾರೂ ಪರಿಚಿತರಿರಲಿಲ್ಲ ಎಂದು ನಾನು ಉತ್ತರಿಸಿದೆ. ಅವನಿಗೆ ಗೆಳೆಯರು ಸಿಕ್ಕಿದ್ದು ಗ್ರಂಥಾಲಯದಲ್ಲಿ, ಬಸ್ ನಿಲ್ದಾಣದಲ್ಲಿ, ಗಣೇಶೋತ್ಸವದ ಚಪ್ಪರದಲ್ಲಿ, ಹೋಟೆಲಿನಲ್ಲಿ. ಇಂದು ಕಲಬುರಗಿಯಿಂದಲೋ ಅಸ್ಸಾಮಿನಿಂದಲೋ ಬಂದು ದರ್ಶಿನಿಯ ಅಡಿಗೆಮನೆಯಲ್ಲಿ, ಆಸ್ಪತ್ರೆಗಳಲ್ಲಿ, ಕಚೇರಿಗಳಲ್ಲಿ ದುಡಿಯುವ ತರುಣ ತರುಣಿಯರಿಗೆ ನಿವಾಸಿಗಳ ಸಂಘಗಳಲ್ಲಿ ಸದಸ್ಯತ್ವ ಕೊಡಬೇಕು, ರಾಜ್ಯೋತ್ಸವದ ವೇದಿಕೆಯ ಮೇಲೆ ಕರೆಯಬೇಕು. ಮನೆ ಮಾಲೀಕರಿಗಷ್ಟೇ ಮತವಿರುವ ಸಂಘ ಈ ಬಡಾವಣೆಯ ಚರಿತ್ರೆಗೆ ಹೊಂದುವಂಥದ್ದಲ್ಲ.

ನಾಲ್ಕನೇ ಬ್ಲಾಕಿನ ಹಿರಿಯ ವ್ಯಾಪಾರಿಯೊಬ್ಬರ ಪ್ರಶ್ನೆ ಬೇರೆ ಬಗೆಯದು: 2017ರಲ್ಲಿ ಮೆಟ್ರೊದ ಹಸಿರು ಮಾರ್ಗ ಬಂದಿತು, 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ ಆಸ್ಪತ್ರೆಯ ಮೂಲಕ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಬಂದಿತು. ಇಷ್ಟಾದರೂ ಕಾಂಪ್ಲೆಕ್ಸಿಗೆ ಕಾರಿನಲ್ಲಿ ಬರುವವರೇ ಹೆಚ್ಚು ಏಕೆ? ಉತ್ತರ ಅವರಿಗೂ ಗೊತ್ತಿತ್ತು. ಎರಡೂ ಮಾರ್ಗಗಳು ಬಡಾವಣೆಯ ಅಂಚಿನಲ್ಲಿ ಹಾದುಹೋಗುತ್ತವೆ. ಜಯನಗರ ನಿಲ್ದಾಣದಿಂದ ಕಾಂಪ್ಲೆಕ್ಸಿಗೆ ಹತ್ತು ಹದಿನೈದು ನಿಮಿಷದ ನಡಿಗೆ. ಅದು ಹಳೆಯ ಜಯನಗರದವರು ದಿನವೂ ನಡೆಯುತ್ತಿದ್ದ ದೂರವೇ. ಆದರೆ ಆರ್.ವಿ. ರಸ್ತೆಯನ್ನು ನಿರ್ಭಯವಾಗಿ ದಾಟುವ ವ್ಯವಸ್ಥೆ, ಮೇಲೆದ್ದ ಕಲ್ಲುಚಪ್ಪಡಿಗಳಿಲ್ಲದೆ ಒಂದೇ ಮಟ್ಟದಲ್ಲಿ ಸಾಗುವ ಕಾಲುದಾರಿ, ಕಡಿದ ಮರಗಳ ಜಾಗದಲ್ಲಿ ಹೊಸ ಹೊಂಗೆ ಸಸಿಗಳು, ಸಂಜೆ ಉರಿಯುವ ದೀಪ ಇವು ಆ ದಾರಿಗೆ ಬೇಕಾಗಿವೆ. ಆ ಒಂದು ದಾರಿಯನ್ನು ಮಾದರಿಯಾಗಿ ಸರಿಪಡಿಸಿ, ಅದರ ಬದಿಯಲ್ಲಿ ವ್ಯಾಪಾರಿಗಳಿಗೂ ಗುರುತಿಸಿದ ಜಾಗ ಕೊಡಬೇಕೆಂಬ ಮನವಿಯನ್ನು ಸಭೆಯಲ್ಲಿದ್ದ ಎಲ್ಲರೂ ಸಹಿ ಮಾಡಿ ಪಾಲಿಕೆಗೆ ಸಲ್ಲಿಸುವುದೆಂದು ಅಲ್ಲಿಯೇ ತೀರ್ಮಾನವಾಯಿತು. ಮನವಿಯ ಕರಡನ್ನು ಬರೆಯುವ ಹೊಣೆಯನ್ನು ಪ್ರಶ್ನೆ ಕೇಳಿದ ವ್ಯಾಪಾರಿಯೂ ಆ ವಿದ್ಯಾರ್ಥಿನಿಯೂ ಒಟ್ಟಿಗೆ ವಹಿಸಿಕೊಂಡರು.